ಕುಟುಂಬ ಸಹಭಾಗಿ ಆರೈಕೆ: ದಿನ ತುಂಬದ ಮಗುವಿನ ಜೊತೆ ಮನೆಯವರನ್ನೂ ನೋಡಿಕೊಳ್ಳುವುದು

37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ದಿನ ತುಂಬದ ಮಗು. ಹುಟ್ಟಿದ ಕೂಡಲೇ ಎಷ್ಟೋ ಸಲ ಮಗುವನ್ನು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಒಯ್ಯುತ್ತಾರೆ, ಬಾಗಿಲು ಮುಚ್ಚುತ್ತದೆ, ಮನೆಯವರು ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ಬಹಳ ವರ್ಷ ಇದೇ ಕ್ರಮವಾಗಿತ್ತು. ಈ ಕ್ರಮವನ್ನು ಬದಲಿಸುವ ವಿಧಾನವೇ ಕುಟುಂಬ ಸಹಭಾಗಿ ಆರೈಕೆ. ಅಪ್ಪ ಅಮ್ಮನನ್ನು ಒಳಗೆ ಕರೆದು, ಕೈ ತೊಳೆಯುವುದರಿಂದ ಹಿಡಿದು ಹಾಲು ಕುಡಿಸುವವರೆಗೆ ಎಲ್ಲವನ್ನೂ ಕಲಿಸಿ, ಮಗುವನ್ನು ಅವರ ಕೈಯಿಂದಲೇ ನೋಡಿಕೊಳ್ಳುವ ಹಾಗೆ ಮಾಡುವುದು. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಇದನ್ನು ಮಾಡಿ ನೋಡಿದರು. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು.

ನಮ್ಮ ಕಾಸರಗೋಡಿನ ಕಡೆ ಇದರ ಅಗತ್ಯ ಇನ್ನೂ ಜಾಸ್ತಿ. ಮಂಜೇಶ್ವರ, ಉಪ್ಪಳ, ಪೆರ್ಲ, ಬದಿಯಡ್ಕದವರಿಗೆ ಮಗು ಸೀರಿಯಸ್ ಎಂದರೆ ಮೊದಲು ನೆನಪಾಗುವುದು ಮಂಗಳೂರು. ತಾಯಿ ಸಿಸೇರಿಯನ್ ಹೊಲಿಗೆಯ ನೋವಿನಲ್ಲಿ ಇಲ್ಲೇ ಮಲಗಿರುತ್ತಾಳೆ. ಮಗು ಅಪ್ಪನ ಜೊತೆ ಆಂಬುಲೆನ್ಸ್‌ನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿರುತ್ತದೆ. 2020ರಲ್ಲಿ ಆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಇಲ್ಲಿ ಯಾರಿಗೂ ಮರೆತಿಲ್ಲ. ಹೀಗೆ ಬೇರೆಯಾದ ತಾಯಿಗೆ ಅಲ್ಲಿನ ನರ್ಸ್ ಒಬ್ಬರು ವಿಡಿಯೋ ಕಾಲ್‌ನಲ್ಲಿ ಮಗುವನ್ನು ತೋರಿಸಿ, ಹಾಲು ಹಿಂಡಿ ತಣ್ಣಗಿಟ್ಟು ಹೇಗೆ ಕಳಿಸಬೇಕೆಂದು ಹೇಳಿಕೊಟ್ಟರೆ, ಅವಳಿಗೂ ಮಾಡಲು ಒಂದು ಕೆಲಸ ಸಿಕ್ಕಿತು. ಬರೀ ಅಳುತ್ತಾ ಮಲಗುವುದು ತಪ್ಪಿತು.

ಭಾಷೆಯ ವಿಷಯವೂ ಇದೆ. ನರ್ಸ್ ಮಲಯಾಳಿ, ಡಾಕ್ಟರ ಮಾತಿನಲ್ಲಿ ಅರ್ಧ ಇಂಗ್ಲಿಷ್, ತಾಯಿಯ ಮನೆಮಾತು ತುಳುವೋ, ಹವ್ಯಕ ಕನ್ನಡವೋ, ಬ್ಯಾರಿಯೋ. ಸಂತೆ ಬಸ್ಸುಗಳಲ್ಲಿ ನಾವು ಎಲ್ಲ ಭಾಷೆಯಲ್ಲೂ ಹೇಗೋ ಸುಧಾರಿಸುತ್ತೇವೆ. ಗಾಬರಿಯಲ್ಲಿರುವಾಗ ಹಾಗಾಗುವುದಿಲ್ಲ. "ಅರ್ಥ ಆಯ್ತಾ?" ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಅದಕ್ಕೇ ಅನುಭವವಿರುವ ನರ್ಸ್ ಕೇಳುವುದು ಬೇರೆ ಥರ: "ನಾನು ಈಗ ಹೇಳಿದ್ದನ್ನು ಮನೆಯಲ್ಲಿ ಅಜ್ಜಿಗೆ ಹೇಗೆ ಹೇಳ್ತೀರಿ, ಒಮ್ಮೆ ಹೇಳಿ ನೋಡುವಾ." ಅಲ್ಲಿ ತಪ್ಪಿದ್ದನ್ನು ಅಲ್ಲೇ ತಿದ್ದಬಹುದು.

ಮೊದಲ ಸಲ ಒಳಗೆ ಹೋದ ತಾಯಿಗೆ ಕಾಣುವುದು ವೈರುಗಳು. ಮೂಗಿಗೆ ಉಸಿರಾಡಲು ಗಾಳಿ ಒತ್ತಿ ಕೊಡುವ ಸಿಪ್ಯಾಪ್, ಬಾಯಿಯಲ್ಲಿ ಸಪೂರ ನಳಿಕೆ, ಕಾಲಿಗೆ ಕೆಂಪು ದೀಪದ ಪಟ್ಟಿ. ಒಳ್ಳೆಯ ನರ್ಸ್ ಒಂದೊಂದನ್ನೇ ಬಿಡಿಸಿ ಹೇಳುತ್ತಾರೆ. ಆ ಕೆಂಪು ದೀಪದಿಂದ ಮಗುವಿಗೆ ನೋವಿಲ್ಲ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುತ್ತದೆ. ಮಗು ಕಾಲು ಒದ್ದರೂ ಅಲಾರಂ ಬಡಿದುಕೊಳ್ಳುತ್ತದೆ. ಕೆಲವೊಮ್ಮೆ ಮಗು ನಿಜವಾಗಿಯೂ ಉಸಿರು ನಿಲ್ಲಿಸುತ್ತದೆ, ಏಕೆಂದರೆ ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಬಲಿತಿಲ್ಲ. ಆಗ ಪಾದವನ್ನೋ ಬೆನ್ನನ್ನೋ ಮೆಲ್ಲಗೆ ಉಜ್ಜಿದರೆ ಎಷ್ಟೋ ಸಲ ಮತ್ತೆ ಶುರುವಾಗುತ್ತದೆ. ಇದನ್ನು ಮೊದಲೇ ಹೇಳಿಟ್ಟರೆ, ಬೀಪ್ ಕೇಳಿದಾಗಲೆಲ್ಲ ತಾಯಿಯ ಜೀವ ಹೋಗುವುದಿಲ್ಲ.

ಆಮೇಲೆ ಮುಟ್ಟುವುದು. ನಾವು ಮಕ್ಕಳನ್ನು ಮುದ್ದು ಮಾಡುವುದೇ ಸವರಿ. ಈ ಮಗುವಿನ ಚರ್ಮ ತುಂಬಾ ತೆಳು, ಸವರಿದರೆ ಬೆಚ್ಚಿ ಬೀಳುತ್ತದೆ. "ಸವರುವುದು ಬೇಡ ಅಮ್ಮ, ಸುಮ್ನೆ ಕೈ ಇಟ್ಟುಕೊಳ್ಳಿ" ಎಂದು ನರ್ಸ್ ತಾಯಿಯ ಒಂದು ಕೈಯನ್ನು ಮಗುವಿನ ತಲೆಯ ಮೇಲೆ, ಇನ್ನೊಂದನ್ನು ಮಡಚಿದ ಪಾದಗಳ ಮೇಲೆ ಇಡಿಸುತ್ತಾರೆ. ಅಲ್ಲಾಡಿಸದೆ, ಒತ್ತದೆ. ಸ್ವಲ್ಪ ಹೊತ್ತಿಗೆ ಮಗುವಿನ ಮೈ ಸಡಿಲವಾಗುವುದು ತಾಯಿಯ ಅಂಗೈಗೇ ಗೊತ್ತಾಗುತ್ತದೆ.

ಮುಂದಿನದು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಬಂದಾಗ ಶುರುವಾದದ್ದು ಇದು. ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಮಗು ಬರಿಮೈ. ಕಪ್ಪೆಯ ಹಾಗೆ ಕಾಲು ಮಡಚಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಉಸಿರಿನ ದಾರಿ ಮಡಚದ ಹಾಗೆ ಗಲ್ಲ ತುಸು ಮೇಲಿಟ್ಟು, ತಾಯಿಯ ಎದೆಗೆ ನೆಟ್ಟಗೆ ಬಟ್ಟೆಯಲ್ಲಿ ಕಟ್ಟುತ್ತಾರೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1 ಕೆಜಿಯಿಂದ 1.8 ಕೆಜಿಯೊಳಗಿನ ಮಕ್ಕಳಿಗೆ ಹುಟ್ಟಿದ ತಕ್ಷಣವೇ ಇದನ್ನು ಶುರು ಮಾಡಿದರು. ಮೊದಲ 28 ದಿನದ ಸಾವು ಸುಮಾರು ಕಾಲು ಭಾಗ ಕಡಿಮೆಯಾಯಿತು. ಹಾಗಾಗಿ ತಾಯಿಯನ್ನು ಒಳಗೆ ಬಿಡುವುದು ಯಾರೋ ಮಾಡುವ ಉಪಕಾರ ಎಂದು ಭಾವಿಸಬೇಕಾಗಿಲ್ಲ, ಅದು ಚಿಕಿತ್ಸೆಯೇ. ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆ. ಅಷ್ಟು ಹೊತ್ತು ಬಾಣಂತಿ ಒಬ್ಬಳಿಂದ ಹೇಗೆ ಸಾಧ್ಯ? ಅಪ್ಪನ ಎದೆಯೂ ಬೆಚ್ಚಗಿರುತ್ತದೆ, ಅಜ್ಜಿಯದ್ದೂ.

ಹಾಲು ಕುಡಿಸುವುದರಲ್ಲಿ ನಮ್ಮ ಅಜ್ಜಿಯಂದಿರಿಗೆ ಅನುಕೂಲವೇ ಇದೆ. ಚೀಪಿ, ನುಂಗಿ, ಉಸಿರಾಡುವ ಹೊಂದಾಣಿಕೆ ಮಗುವಿಗೆ ಬರುವುದು ಗರ್ಭದ ಲೆಕ್ಕದಲ್ಲಿ ಸುಮಾರು 34 ವಾರದ ಹೊತ್ತಿಗೆ. ಅಲ್ಲಿಯವರೆಗೆ ಮೊದಲು ನಳಿಕೆಯಲ್ಲಿ, ಆಮೇಲೆ ಒಳಲೆಯಲ್ಲಿ ಕುಡಿಸುತ್ತಾರೆ. ಆಸ್ಪತ್ರೆಯ ಪಾಲಾಡೈ ನೋಡಿದ ಅಜ್ಜಿಗೆ "ಅಯ್ಯೋ, ಇದು ನಮ್ಮ ಒಳಲೆಯೇ ಅಲ್ವಾ!" ಎಂಬ ಧೈರ್ಯ ಬರುತ್ತದೆ.

ಆದರೆ ಅದೇ ಅಜ್ಜಿಯೋ, ನೋಡಲು ಬಂದ ನೆಂಟರೋ ಕೇಳುವ ಮಾತೊಂದಿದೆ: "ಏನು ಮಾಡಿಕೊಂಡೆ? ಪಪ್ಪಾಯಿ ತಿಂದೆಯಾ? ಬಸ್ಸಿನಲ್ಲಿ ತಿರುಗಿದೆಯಾ?" ತಾಯಿ ತನ್ನೊಳಗೆ ಇದನ್ನೇ ನೂರು ಸಲ ಕೇಳಿಕೊಂಡಿರುತ್ತಾಳೆ. ಬಿ.ಪಿ., ಸೋಂಕು, ಅವಳಿ ಮಕ್ಕಳು ಇಂಥ ಕಾರಣಗಳಿರುತ್ತವೆ, ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಇದನ್ನು ತಾಯಿಗೆ ಮಾತ್ರ ಹೇಳಿದರೆ ಸಾಲದು, ಮನೆಯವರ ಎದುರೇ ಹೇಳಬೇಕು. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ ಎಂಬ ನಂಬಿಕೆಯನ್ನೂ ಅಲ್ಲೇ ಬಿಡಿಸಬೇಕು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭ.

ಇಷ್ಟೆಲ್ಲ ಮಾಡಲು ನರ್ಸ್‌ಗೆ ಮನಸ್ಸು ಒಳ್ಳೆಯದಿದ್ದರೆ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬರ ಕೈಗೆ ಎಂಟು ಹತ್ತು ಮಕ್ಕಳನ್ನು ಒಪ್ಪಿಸಿ ಕರುಣೆಯಿಂದ ಮಾತಾಡಿ ಎಂದರೆ ಅದು ಅನ್ಯಾಯ. ಜನ ಬೇಕು, ತಾಯಿ ಕೂರಲು ಕುರ್ಚಿ ಬೇಕು, ಮಲಗಲು ಮಂಚ ಬೇಕು, ಊಟ ಬೇಕು.

ಮಗು ಉಳಿಯದ ಮನೆಗಳೂ ಇವೆ. ಅಲ್ಲಿಯೂ ನರ್ಸ್ ಕೆಲಸ ಮುಗಿಯುವುದಿಲ್ಲ. ಯಂತ್ರಗಳನ್ನು ತೆಗೆದು, ಮಗುವನ್ನು ಒರೆಸಿ ಬಟ್ಟೆ ಸುತ್ತಿ, ಅಪ್ಪ ಅಮ್ಮ ಬಯಸಿದರೆ ಅವರ ಮಡಿಲಿಗೆ ಕೊಟ್ಟು, ಅವಸರ ಮಾಡದೆ ಪಕ್ಕದಲ್ಲಿರುತ್ತಾರೆ. ಎದೆಹಾಲು ಕಟ್ಟಿಕೊಂಡರೆ ಏನು ಮಾಡಬೇಕೆಂದು ತಾಯಿಗೆ ಹೇಳಿ ಕಳಿಸುವುದೂ ಅವರೇ.

ಮನೆಗೆ ಹೊರಡುವವರಿಗೆ ಹೇಳಬೇಕಾದ್ದು ಬೇರೆ. 34 ವಾರಕ್ಕೆ ಮೊದಲು ಅಥವಾ 2 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿದ 4 ವಾರದೊಳಗೆ ಕಣ್ಣಿನ ರೆಟಿನಾ (ಒಳಪದರ) ಪರೀಕ್ಷೆ ಆಗಲೇಬೇಕು. ತೀರಾ ಬೇಗ ಹುಟ್ಟಿದ್ದರೆ ಇನ್ನೂ ಮೊದಲೇ. ಲಸಿಕೆಗೆ ಹುಟ್ಟಿದ ದಿನದಿಂದ ಲೆಕ್ಕ. ಕೂರುವುದು, ನಡೆಯುವುದು ಇವಕ್ಕೆ ಹೆರಿಗೆಗೆ ಕೊಟ್ಟಿದ್ದ ತಾರೀಕಿನಿಂದ ಲೆಕ್ಕ. ಎರಡು ತಿಂಗಳು ಮೊದಲೇ ಹುಟ್ಟಿದ ಮಗು ಎಂಟು ತಿಂಗಳಾದಾಗ ಆರು ತಿಂಗಳ ಮಗುವಿನ ಆಟ ಆಡಿದರೆ ಅದು ಸರಿಯಾಗಿಯೇ ಇದೆ. ಹೆರಿಗೆಗೆ ಕೊಟ್ಟಿದ್ದ ಆ ತಾರೀಕನ್ನು ಡಿಸ್ಚಾರ್ಜ್ ಚೀಟಿಯಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ.