ಸೋಲಾರ್ ತಂಪು ಕೋಣೆ ವಾಶಿಯಲ್ಲಿ ಬೇಕೋ, ಹೊಲದ ಹತ್ತಿರವೋ?

ನವಿ ಮುಂಬೈನ ವಾಶಿ ಸಗಟು ಮಾರ್ಕೆಟ್‌ನಲ್ಲಿ ರಾತ್ರಿ ಲಾರಿಯಿಂದ ಇಳಿಸಿದ ಕೊತ್ತಂಬರಿ ರಾಶಿಯೊಳಗೆ ಒಮ್ಮೆ ಕೈ ಹಾಕಿ ನೋಡಿ. ಮೇಲಿನ ಕಟ್ಟುಗಳು ನೀರು ಚಿಮುಕಿಸಿದ್ದರಿಂದ ತಣ್ಣಗಿರುತ್ತವೆ, ಒಳಗೆ ಮಾತ್ರ ಬೆಚ್ಚಗೆ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತಲೇ ಇರುತ್ತದೆ, ಉಸಿರಾಡಿದಷ್ಟೂ ಶಾಖ ಬಿಡುತ್ತದೆ, ಆ ಶಾಖಕ್ಕೆ ಇನ್ನೂ ಜೋರಾಗಿ ಉಸಿರಾಡುತ್ತದೆ. ನಾಸಿಕ್ ಕಡೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ನಡುವಿನ ಎಲೆ ಹಳದಿಯಾಗಲು ಶುರು. ಬೆಳಗಿನ ಜಾವ ಬರುವ ನಮ್ಮ ಉಡುಪಿ ಹೋಟೆಲಿನವರು ಕಟ್ಟು ಬಿಚ್ಚಿ ನೋಡುವುದು ಇದಕ್ಕೇ.

ಹಾಗಾದರೆ ಮಾರ್ಕೆಟ್ ಚಾವಣಿ ಮೇಲೆ ಪ್ಯಾನೆಲ್ ಹಾಕಿ ಕೆಳಗೊಂದು ಕೋಲ್ಡ್ ಸ್ಟೋರೇಜ್ ಕಟ್ಟಿದರೆ ಮುಗೀತಲ್ವಾ? ಇಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಂಬೈಗೆ ತಂಪು ಹೊಸದೇನಲ್ಲ. 1830ರ ದಶಕದಲ್ಲೇ ಅಮೆರಿಕದಿಂದ ಹಡಗಿನಲ್ಲಿ ಮಂಜುಗಡ್ಡೆ ಬಂದು ಇಲ್ಲಿನ ಶ್ರೀಮಂತರ ಮನೆ ಸೇರುತ್ತಿತ್ತು. ತರಕಾರಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ದೇಶದ ಮೊದಲ ಕೋಲ್ಡ್ ಸ್ಟೋರೇಜ್ 1892ರಲ್ಲಿ ಕಲ್ಕತ್ತಾದಲ್ಲಿ ಶುರುವಾಯಿತು ಎನ್ನುತ್ತಾರೆ. ಆಮೇಲೆ ಕಟ್ಟಿದ್ದರಲ್ಲಿ ಬಹುಪಾಲು ಉತ್ತರ ಪ್ರದೇಶ, ಬಂಗಾಳದ ಆಲೂಗಡ್ಡೆಗೇ. ಅದರಲ್ಲಿ ತಪ್ಪೇನಿಲ್ಲ. ಆಲೂಗಡ್ಡೆ ಒಂದೇ ಸಲ ಬರುತ್ತದೆ, ತಿಂಗಳುಗಟ್ಟಲೆ ಕೂರುತ್ತದೆ, ಬಾಡಿಗೆ ಗ್ಯಾರಂಟಿ. ಜೊತೆಗೆ 1964ರ ಕೋಲ್ಡ್ ಸ್ಟೋರೇಜ್ ಆದೇಶ, ಆಮೇಲೆ 1980ರದ್ದು, ಹೀಗೆ ಲೈಸೆನ್ಸ್ ಕಾಟ ಬೇರೆ ಇತ್ತು. ಅದು ಹೋಗಿದ್ದು 1997ರಲ್ಲಿ. ಎರಡು ದಿನ ಬಾಳುವ ಸೊಪ್ಪಿಗೆ ಅಂತ ಚಿಕ್ಕ ಕೋಣೆ ಕಟ್ಟುವ ಯೋಚನೆ ಯಾರಿಗೆ ಬರಬೇಕು?

ಒಂದು ಕಡೆ ಮಾತ್ರ ತಂಪು ಸರಿಯಾಗಿ ಕೆಲಸ ಮಾಡಿತು, ದ್ರಾಕ್ಷಿಯಲ್ಲಿ. 1991ರಲ್ಲಿ ಪುಣೆಯಲ್ಲಿ ಬೆಳೆಗಾರರ ಸಹಕಾರ ಸಂಘಗಳು ಸೇರಿ ಮಹಾಗ್ರೇಪ್ಸ್ ಕಟ್ಟಿದವು. ಗೊನೆ ಕತ್ತರಿಸಿದ ಕೆಲವೇ ಗಂಟೆಯೊಳಗೆ ಹೊಲದಿಂದ ಹೊತ್ತು ತಂದ ಬಿಸಿ ತೆಗೆದು ಆಮೇಲೆ ಸ್ಟೋರಿಗೆ ಹಾಕುವ ಪದ್ಧತಿ ಹೀಗೆ ಊರೂರಿಗೆ ಬಂತು. ಯುರೋಪಿನ ಗಿರಾಕಿ ಅದಕ್ಕೆ ದುಡ್ಡು ಕೊಡುತ್ತಿದ್ದ. ಪಾಲಕ್ ಕೊಳ್ಳುವವರು ಕೊಡುತ್ತಾರಾ?

1996ರಲ್ಲಿ ಹಣ್ಣು-ತರಕಾರಿಯ ಸಗಟು ಪೇಟೆ ಮುಂಬೈನಿಂದ ವಾಶಿಗೆ ಹೋಯಿತು. ಇಲ್ಲಿನ ಲೆಕ್ಕ ಸರಳ: ರಾತ್ರಿ ಬಂದ ಮಾಲು ಬೆಳಗ್ಗೆ ಖಾಲಿಯಾಗಬೇಕು. ಹೊತ್ತು ಏರಿದಂತೆ ರೇಟು ಇಳಿಯುತ್ತದೆ, ಇದು ದಲಾಲರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು, ಊರಲ್ಲಿ ಫೋನ್ ಹಿಡಿದು ಕೂತ ರೈತನಿಗಂತೂ ಚೆನ್ನಾಗಿಯೇ ಗೊತ್ತು.

ಹಾಳಾಗುವುದು ಎಷ್ಟು? ಶೇ 30, 40 ಅಂತ ಭಾಷಣದಲ್ಲಿ ಹೇಳುವುದುಂಟು. ಕೊಯ್ಲಿನ ನಂತರದ ನಷ್ಟ ಅಧ್ಯಯನ ಮಾಡುವ ಲೂಧಿಯಾನದ ಕೇಂದ್ರ ಸಂಸ್ಥೆ (ಸಿಫೆಟ್) 2015ರಲ್ಲಿ ಕೊಟ್ಟ ಲೆಕ್ಕದಲ್ಲಿ ತರಕಾರಿ ನಷ್ಟ ಬೆಳೆಗೆ ತಕ್ಕಂತೆ ಶೇ 4.58ರಿಂದ 12.44, ಹಣ್ಣಿನದು 6.70ರಿಂದ 15.88. ತರಕಾರಿಯಲ್ಲಿ ಟೊಮೆಟೊ ಎಲ್ಲಕ್ಕಿಂತ ಮೇಲೆ, ಹಣ್ಣಿನಲ್ಲಿ ಸೀಬೆ. ನಬಾರ್ಡ್ ಬ್ಯಾಂಕಿನ ಸಲಹಾ ಸಂಸ್ಥೆ ನ್ಯಾಬ್‌ಕಾನ್ಸ್‌ನ 2022ರ ವರದಿಯಲ್ಲೂ ಅಂಕಿ ಹೆಚ್ಚೇನೂ ಬದಲಾಗಿಲ್ಲ. ಇಷ್ಟೇ ಸಾಕು ಚಿಂತೆಗೆ, ಉತ್ಪ್ರೇಕ್ಷೆ ಬೇಕಿಲ್ಲ.

ಕರೆಂಟಿಲ್ಲದ ತಂಪಿನ ಪ್ರಯತ್ನವೂ ಹಳೆಯದೇ. 1980ರ ದಶಕದಲ್ಲಿ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ಎರಡು ಸುತ್ತು ಇಟ್ಟಿಗೆ ಗೋಡೆ ಕಟ್ಟಿ, ನಡುವೆ ಮರಳು ತುಂಬಿ, ಅದಕ್ಕೆ ನೀರು ಹನಿಸುವ ತಂಪು ಪೆಟ್ಟಿಗೆ ಮಾಡಿದರು. ನಮ್ಮ ಮಡಕೆ ನೀರಿನ ಹಾಗೆ. ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಮುಂಬೈ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಅದು ಎಲ್ಲಿ ತಂಪಾಗಬೇಕು!

ಸೋಲಾರ್‌ಗೆ ದಾರಿ ಮಾಡಿದ್ದು ರೇಟು. 2010ರ ಕೊನೆಗೆ ರಾಷ್ಟ್ರೀಯ ಸೌರ ಮಿಷನ್ ಹರಾಜಿನಲ್ಲಿ ಸೋಲಾರ್ ಕರೆಂಟಿನ ಯೂನಿಟ್‌ಗೆ 10.95 ರೂಪಾಯಿ ಕೂಗಿದ್ದೇ ಅತಿ ಕಡಿಮೆ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2.44ಕ್ಕೆ ಇಳಿಯಿತು. ಪ್ಯಾನೆಲ್ ಅಗ್ಗವಾಯಿತು. ಪುಣೆಯ ಇಕೋಝೆನ್ ಕಂಪನಿ ಸುಮಾರು 5 ಟನ್ ಹಿಡಿಯುವ, ಎತ್ತಿ ಬೇರೆಡೆ ಇಡಬಹುದಾದ ಇಕೋಫ್ರಾಸ್ಟ್ ಕೋಣೆ ತಂದಿತು. ಇದರ ಜಾಣತನ ಪ್ಯಾನೆಲ್‌ನಲ್ಲಿಲ್ಲ, ಶೇಖರಣೆಯಲ್ಲಿದೆ. ಹಗಲು ಕಂಪ್ರೆಸರ್ ಓಡಿ ಒಂದು ದ್ರವವನ್ನು ಹೆಪ್ಪುಗಟ್ಟಿಸುತ್ತದೆ, ರಾತ್ರಿ ಅದು ಕರಗುತ್ತಾ ಕೋಣೆಯನ್ನು ತಣ್ಣಗಿಡುತ್ತದೆ. ದೊಡ್ಡ ಬ್ಯಾಟರಿ ಕೊಂಡು ಬದಲಿಸುತ್ತಾ ಕೂರುವ ತಲೆನೋವು ತಪ್ಪಿತು.

ಈಗ ಮತ್ತೆ ವಾಶಿ. ಇಲ್ಲಿ ಕರೆಂಟಿದೆ. ಇಲ್ಲಿಗೆ ಬರುವ ಹೊತ್ತಿಗೆ ಕೊತ್ತಂಬರಿಯ ಆಯಸ್ಸು ಅರ್ಧ ಕಳೆದಿರುತ್ತದೆ, ತಂಪು ಹಾಳಾಗುವುದನ್ನು ನಿಧಾನ ಮಾಡುತ್ತದೆಯೇ ಹೊರತು ಹಳದಿ ಎಲೆಯನ್ನು ಹಸಿರು ಮಾಡಲ್ಲ. ಆದ್ದರಿಂದ ನನ್ನ ಪ್ರಕಾರ ಸೋಲಾರ್ ಕೋಣೆ ಮೊದಲು ಬರಬೇಕಾದದ್ದು ಕರೆಂಟು ಕೈಕೊಡುವ ಹಳ್ಳಿಗೆ, ಹೊಲದ ಪಕ್ಕಕ್ಕೆ. ಆಗ ರೈತ "ಇವತ್ತು ರೇಟಿಲ್ಲ, ನಾಳೆ ಕಳಿಸ್ತೀನಿ" ಅನ್ನಬಹುದು. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು-ತರಕಾರಿಯನ್ನು ಎಪಿಎಂಸಿ (ಸರ್ಕಾರಿ ಕೃಷಿ ಮಾರುಕಟ್ಟೆ ಸಮಿತಿ) ಹೊರಗೂ ಮಾರಲು ಬಿಟ್ಟಿತು. ಕಾಯಲು ಆಗದವನಿಗೆ ಆ ಸ್ವಾತಂತ್ರ್ಯದಿಂದ ಏನು ಸಿಕ್ಕಿತು?

ಮಾರ್ಕೆಟ್‌ನಲ್ಲಿ ಕೋಣೆ ಬೇಡವೇ ಬೇಡ ಅಂತಲ್ಲ. ಅಲ್ಲಿ ಅದು ಬೇಕಾದದ್ದು ದಲಾಲರಿಗಿಂತ ಚಿಲ್ಲರೆ ಮಾರುವವರಿಗೆ, ಸಂಜೆ ಉಳಿದ ಎರಡು ಕ್ರೇಟ್ ಇಡಲು ಜಾಗವಿಲ್ಲದವರಿಗೆ. ನೈಜೀರಿಯಾದಲ್ಲಿ ಕೋಲ್ಡ್‌ಹಬ್ಸ್ ಅನ್ನುವವರು ಮಾರುಕಟ್ಟೆಗಳಲ್ಲೇ ಸೋಲಾರ್ ಕೋಣೆ ಇಟ್ಟು ಕ್ರೇಟ್‌ಗೆ ದಿನಕ್ಕಿಷ್ಟು ಅಂತ ಬಾಡಿಗೆ ತಗೊಳ್ತಾರೆ. ಮುಂಬೈನ ದಾದರ್, ಮಾಟುಂಗಾದ ಪೇಟೆಗಳಿಗೂ ಇದು ಹೊಂದುತ್ತದೆ.

ಕ್ರೇಟ್ ಲೆಕ್ಕ ಅಂದರೆ ಎಲ್ಲರ ಮಾಲೂ ಒಂದೇ ಕಡೆ ಬರುತ್ತದೆ, ಅಲ್ಲೇ ತೊಡಕು. ಸೊಪ್ಪಿಗೆ ಸೊನ್ನೆಯ ಹತ್ತಿರದ ಚಳಿ ಬೇಕು. ಬಾಳೆ, ಮಾವಿಗೆ 13 ಡಿಗ್ರಿ ಆಸುಪಾಸು, ಅದಕ್ಕಿಂತ ತುಂಬಾ ಇಳಿದರೆ ಸಿಪ್ಪೆ ಕಪ್ಪು. ಸಾಲದ್ದಕ್ಕೆ ಹಣ್ಣಾಗುವ ಮಾವು ಬಿಡುವ ಎಥಿಲೀನ್ ಅನಿಲ ಪಕ್ಕದ ಸೊಪ್ಪನ್ನು ಹಳದಿ ಮಾಡುತ್ತದೆ. ಕಡಿಮೆ ಅಂದರೂ ಎರಡು ಕೋಣೆ ಬೇಕು. ಟೆಂಡರ್‌ನಲ್ಲಿ ಎಷ್ಟು ಟನ್ ಅಂತ ಮಾತ್ರ ಬರೆದು ಎಷ್ಟು ಡಿಗ್ರಿ ಅಂತ ಬಿಟ್ಟರೆ, ಪಾಲಕ್ ಇಟ್ಟು ಹೋದವರು ಎರಡನೇ ಸಲ ಆ ಕಡೆ ತಲೆ ಹಾಕಲ್ಲ.