ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಗಾಮ ಈಗಲೂ ಇದ್ದಾನಾ?

ಪ್ರಶ್ನೆ: ಮಕ್ಕಳ ರಜೆಗೆ ಫೋರ್ಟ್ ಕೊಚ್ಚಿಗೆ ಹೊರಟಿದ್ದೇವೆ. ಅಲ್ಲಿನ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿ ನೋಡಬಹುದಲ್ವಾ?

ಸಮಾಧಿ ಕಲ್ಲು ನೋಡಬಹುದು. ಗಾಮ ಅಲ್ಲಿಲ್ಲ.

ಪ್ರತಿ ರಜೆಯಲ್ಲೂ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಕೊಡುತ್ತೇನೆ. ಆದರೂ ಹೋಗಿ ಬಂದವರು ಕಲ್ಲಿನ ಫೋಟೊ ಕಳಿಸಿ, "ಗಾಮ ಇಲ್ಲೇ ಮಲಗಿದ್ದಾನೆ ನೋಡಿ" ಅನ್ನುತ್ತಾರೆ. ಬೇಜಾರಾಗುತ್ತದೆ. ಈ ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

1498ರಲ್ಲಿ ಕಲ್ಲಿಕೋಟೆಗೆ ಬಂದದ್ದು ನಮಗೆಲ್ಲ ಶಾಲೆಯಿಂದಲೇ ಬಾಯಿಪಾಠ. ಮೂರನೇ ಸಲ ಬಂದದ್ದು 1524ರಲ್ಲಿ, ಪೋರ್ಚುಗೀಸರ ವೈಸ್‌ರಾಯ್ ಆಗಿ. ಬಂದು ಕೆಲವೇ ತಿಂಗಳಿಗೆ, ಡಿಸೆಂಬರ್ 24ರಂದು, ಕೊಚ್ಚಿಯಲ್ಲಿ ತೀರಿಕೊಂಡ. ಈ ಚರ್ಚಿನಲ್ಲೇ ಮಣ್ಣು ಮಾಡಿದರು. ಇಲ್ಲಿಯವರೆಗೆ ಜನ ಹೇಳುವುದು ಸರಿ.

ಆದರೆ 1539ರಲ್ಲಿ ಅವನ ಮೂಳೆಗಳನ್ನು ಪೋರ್ಚುಗಲ್‌ಗೆ ಒಯ್ದರು. ಅವನು ಕೌಂಟ್ (ಅಲ್ಲಿನ ಶ್ರೀಮಂತರ ಪದವಿ) ಆಗಿದ್ದ ವಿದಿಗೇರಾ ಎಂಬ ಊರಲ್ಲಿ ಇಟ್ಟರು. 1880ರಲ್ಲಿ ಅಲ್ಲಿಂದಲೂ ಎತ್ತಿ ಲಿಸ್ಬನ್ನಿನ ಜೆರೋನಿಮೋಸ್ ಮಠಕ್ಕೆ ತಂದರು. ಅಂದರೆ ಕೊಚ್ಚಿಯ ಮಣ್ಣಿನಲ್ಲಿ ಗಾಮ ಇದ್ದದ್ದು ಹದಿನೈದು ವರ್ಷವೂ ಅಲ್ಲ.

"ಕಲ್ಲು ಇದೆಯಲ್ಲ, ಸುತ್ತ ಕಂಬಿ ಬೇರೆ ಹಾಕಿದ್ದಾರೆ" ಅನ್ನುತ್ತೀರಿ. ಕಲ್ಲಿದ್ದ ಕಡೆಯೆಲ್ಲ ದೇಹ ಇರಬೇಕೆಂದಿಲ್ಲ. ಅದೇ ಚರ್ಚಿನ ಗೋಡೆಗಳನ್ನು ನೋಡಿ. ಉತ್ತರದ ಗೋಡೆಗೆ ಪೋರ್ಚುಗೀಸರ ಸಮಾಧಿ ಕಲ್ಲುಗಳು, ದಕ್ಷಿಣದ ಗೋಡೆಗೆ ಡಚ್ಚರದು. ಅವೆಲ್ಲ ಮೊದಲು ನೆಲದಲ್ಲಿದ್ದವು. 1886ರಲ್ಲಿ ಕಿತ್ತು ಗೋಡೆಗೆ ನಿಲ್ಲಿಸಿದರು. ಹಾಗಂತ ಗೋಡೆಯೊಳಗೆ ಯಾರನ್ನೂ ಹೂತಿಲ್ಲ ತಾನೆ? ಗಾಮನ ಕಲ್ಲೂ ಹಾಗೆಯೇ. ಒಮ್ಮೆ ಇಲ್ಲಿದ್ದ ಅನ್ನುವುದಕ್ಕೆ ಗುರುತು, ಅಷ್ಟೇ.

ನಿಜ ಹೇಳಬೇಕೆಂದರೆ ಗಾಮನಿಗಿಂತ ಆ ಕಟ್ಟಡದ ಕಥೆಯೇ ದೊಡ್ಡದು. 1503ರಲ್ಲಿ ಪೋರ್ಚುಗೀಸರು ಕೋಟೆಯೊಳಗೆ ಮರದಲ್ಲಿ ಕಟ್ಟಿದರು. 1516ರ ಹೊತ್ತಿಗೆ ಅದು ಗಟ್ಟಿ ಕಟ್ಟಡವಾಗಿ, ಸಂತ ಅಂತೋಣಿಯ ಹೆಸರು ಪಡೆಯಿತು. 1663ರಲ್ಲಿ ಡಚ್ಚರು ಕೊಚ್ಚಿ ಗೆದ್ದರು. ಅವರು ಪ್ರೊಟೆಸ್ಟೆಂಟರು, ಕ್ಯಾಥೊಲಿಕ್ಕರಿಂದ ಬೇರೆಯಾದ ಪಂಥದವರು. ಊರಿನ ಕ್ಯಾಥೊಲಿಕ್ ಚರ್ಚುಗಳನ್ನು ಕೆಡವಿದರು, ಸಾಂತಾ ಕ್ರೂಜ್ ಕ್ಯಾಥೆಡ್ರಲನ್ನು ಆಯುಧದ ಉಗ್ರಾಣ ಮಾಡಿಕೊಂಡರು. ಇದೊಂದನ್ನು ಮಾತ್ರ ತಮ್ಮ ಪ್ರಾರ್ಥನೆಗೆ ಇಟ್ಟುಕೊಂಡರು. ಪೂಜಾಪೀಠ, ಪ್ರತಿಮೆಗಳು ಹೊರಗೆ ಹೋದವು. 1795ರಲ್ಲಿ ಊರು ಬ್ರಿಟಿಷರ ಕೈಗೆ ಬಂತು, 1804ರಲ್ಲಿ ಚರ್ಚು ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಚರ್ಚಿನವರ, ಪಾಲಾಯಿತು. ಸೇಂಟ್ ಫ್ರಾನ್ಸಿಸ್ ಅನ್ನುವ ಹೆಸರು ಬಂದದ್ದೇ ಅವರ ಕಾಲದಲ್ಲಿ. ಗಾಮನಿಗೆ ಆ ಹೆಸರು ಗೊತ್ತೇ ಇರಲಿಲ್ಲ! 1923ರಿಂದ ಅದು ಸಂರಕ್ಷಿತ ಸ್ಮಾರಕ. ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯದು, ಭಾನುವಾರ ಆರಾಧನೆ ನಡೆಯುತ್ತದೆ. ಆ ಹೊತ್ತಿಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಳಗೆ ಹೋದವರೆಲ್ಲ ನೆಲದ ಕಲ್ಲು ನೋಡಿ ಹೊರಟುಬಿಡುತ್ತಾರೆ. ತಲೆ ಎತ್ತಿ ನೋಡಿ. ಬೆಂಚುಗಳ ಮೇಲೆ ಉದ್ದಕ್ಕೂ ಬಟ್ಟೆಯ ಪಂಖಗಳು ತೂಗುತ್ತವೆ. ಕರೆಂಟು ಇಲ್ಲದ ಕಾಲದ ಫ್ಯಾನು ಅದು. ಪಂಖಕ್ಕೆ ಕಟ್ಟಿದ ಹಗ್ಗ ಗೋಡೆ ದಾಟಿ ಹೊರಗೆ ಹೋಗುತ್ತದೆ. ಒಳಗೆ ಪ್ರಾರ್ಥನೆ ನಡೆಯುವಷ್ಟು ಹೊತ್ತೂ ಹೊರಗೆ ಆಳುಗಳು ಅದನ್ನು ಎಳೆಯುತ್ತಿದ್ದರು. ಕೊಚ್ಚಿಯ ಸೆಕೆ ಅನುಭವಿಸಿದವರಿಗೆ ಅದೆಂಥ ಕೆಲಸ ಅಂತ ಗೊತ್ತು. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ಹಗ್ಗ ತೋರಿಸುತ್ತೇನೆ, ಅದು ಎಲ್ಲಿಗೆ ಹೋಗುತ್ತದೆ ಹುಡುಕಿ ಅನ್ನುತ್ತೇನೆ. ಎಲ್ಲರೂ ಹೊರಗೆ ಓಡುತ್ತಾರೆ. ಗಾಮನ ಕಲ್ಲಿನ ಹತ್ತಿರ ಆಮೇಲೆ ಬರುತ್ತೇವೆ.