ಕೈ ತೊದಲುವ ಮೊದಲು ಕಣ್ಣು: ಕಿವಿ ಕೇಳುವ ಮಗುವಿಗೆ ಮನೆಯಲ್ಲಿ ಸನ್ನೆ ಕಲಿಸುವ ಟಿಪ್ಪಣಿ

ಕಿವಿ ಚೆನ್ನಾಗಿ ಕೇಳುವ ಮಗುವಿಗೆ ಸನ್ನೆ ಯಾಕೆ? ನಾನು ಇದನ್ನು ಓದಲು ಶುರು ಮಾಡಿದಾಗ ಮನೆಯವರೂ ಇದನ್ನೇ ಕೇಳಿದರು. ಎಂಟೊಂಬತ್ತು ತಿಂಗಳ ಮಗುವಿಗೆ ತನಗೆ ಏನು ಬೇಕು ಅಂತ ಗೊತ್ತಿರುತ್ತದೆ, ಹೇಳಲು ಬಾಯಿ ಸಿದ್ಧವಾಗಿರುವುದಿಲ್ಲ. ಒಂದು ಪದ ಹೊರಡಬೇಕಾದರೆ ನಾಲಿಗೆ, ತುಟಿ, ದವಡೆ, ಉಸಿರು ಎಲ್ಲ ಒಟ್ಟಿಗೆ ಕೂಡಿಬರಬೇಕು, ಅದೂ ಮಗುವಿನ ಕಣ್ಣಿಗೆ ಕಾಣದ ಜಾಗದಲ್ಲಿ. ಕೈ ಹಾಗಲ್ಲ. ತನ್ನ ಕೈಯೂ ಕಾಣುತ್ತದೆ, ಎದುರಿಗಿದ್ದವರ ಕೈಯೂ ಕಾಣುತ್ತದೆ. ಆ ನಡುವಿನ ಕೆಲವು ತಿಂಗಳಿಗೆ ಸನ್ನೆ ಒಂದು ಸೇತುವೆ, ಅಷ್ಟೇ.

ಈ ಯೋಚನೆ ತೀರಾ ಹೊಸದಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕಿ ಲಿಂಡಾ ಅಕ್ರೆಡೊಲೊ ತಮ್ಮ ಪುಟ್ಟ ಮಗಳು ಹೂವು ಕಂಡಾಗಲೆಲ್ಲ ಮೂಗಿನಿಂದ ಮೂಸುವ ಹಾಗೆ ಮಾಡುವುದನ್ನು ಗಮನಿಸಿದರು. ಅದು ಅವಳ ಪಾಲಿಗೆ 'ಹೂವು' ಅನ್ನುವ ಪದವೇ ಆಗಿತ್ತು. ಅವರು ಮತ್ತು ಸೂಸನ್ ಗುಡ್ವಿನ್ ಸೇರಿ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. 2000ದಲ್ಲಿ ಬಂದ ಅವರ ಅಧ್ಯಯನದಲ್ಲಿ ಸನ್ನೆ ಕಲಿತ ಮಕ್ಕಳು ಮಾತಿನಲ್ಲಿ ಹಿಂದೆ ಬೀಳಲಿಲ್ಲ, ಕೆಲವು ಅಳತೆಗಳಲ್ಲಿ ಸ್ವಲ್ಪ ಮುಂದೆಯೇ ಇದ್ದರು. ಇಲ್ಲಿಂದಲೇ 'ಸನ್ನೆ ಕಲಿಸಿದರೆ ಮಗು ಜಾಣ ಆಗುತ್ತೆ' ಅನ್ನುವ ಪ್ರಚಾರ ಹುಟ್ಟಿತು. ದಯವಿಟ್ಟು ಅದನ್ನು ನಂಬಿಕೊಂಡು ಶುರು ಮಾಡಬೇಡಿ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು 40 ಮಕ್ಕಳನ್ನು 8 ತಿಂಗಳಿಂದ 20 ತಿಂಗಳವರೆಗೆ ನೋಡಿದರು. ಭಾಷೆಯ ಬೆಳವಣಿಗೆಯಲ್ಲಿ ಸನ್ನೆ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸ ಸಿಗಲಿಲ್ಲ. ಬದಲಾಗಿದ್ದು ಅಮ್ಮಂದಿರು! ಸನ್ನೆ ಬಳಸಿದ ಅಮ್ಮಂದಿರು ಮಗು ಬಾಯಿಬಿಡದೆ ಕೊಡುವ ಸೂಚನೆಗಳನ್ನು ಹೆಚ್ಚು ಗಮನಿಸುತ್ತಿದ್ದರು. ನನಗೆ ಇದೇ ಸಾಕಷ್ಟು ದೊಡ್ಡ ಕಾರಣ ಅನ್ನಿಸಿತು. ಮಗುವನ್ನು ಮುಂದೆ ಓಡಿಸಲು ಅಲ್ಲ, ಮಗುವನ್ನು ನೋಡಲು ನಾವು ಕಲಿಯುತ್ತೇವೆ.

ನೋಡುವುದು ಅಂದೆನಲ್ಲ, ಈ ಟಿಪ್ಪಣಿಯಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಮಗುವಿನ ಕಣ್ಣು ಎಲ್ಲಿದೆಯೋ ಅಲ್ಲಿಗೆ ನಿಮ್ಮ ಕೈ ಹೋಗಬೇಕು. ಮಾತಿನಲ್ಲಿ ಈ ತೊಂದರೆ ಇಲ್ಲ. ಮಗು ಚೆಂಡು ನೋಡುತ್ತಿರುವಾಗ ನೀವು ಹಿಂದಿನಿಂದ 'ಚೆಂಡು' ಅಂದರೂ ಕಿವಿಗೆ ಬೀಳುತ್ತದೆ. ಸನ್ನೆ ಬೀಳುವುದಿಲ್ಲ. ಮಗು ಚೆಂಡು ನೋಡುತ್ತಿದೆ, ನೀವು ನಿಮ್ಮ ಎದೆಯ ಮುಂದೆ ಸನ್ನೆ ಮಾಡುತ್ತಿದ್ದೀರಿ ಅಂದರೆ ನೀವು ಏನೂ ಹೇಳಿಲ್ಲ ಅಂತಲೇ ಲೆಕ್ಕ. ಮೊದಲ ಕೆಲವು ವಾರ ನಾನು ಮಾಡಿದ್ದು ಇದೇ ತಪ್ಪು, ದಿನಕ್ಕೆ ಎಷ್ಟೋ ಸಲ ಸನ್ನೆ ಮಾಡಿದೆ, ಅದರಲ್ಲಿ ಮಗಳು ನೋಡಿದ್ದು ತೀರಾ ಕಡಿಮೆ.

ದಾರಿ ತೋರಿಸುವವರು ಕಿವುಡ ತಾಯಂದಿರು. ಅವರು ಪುಟ್ಟ ಮಕ್ಕಳ ಜೊತೆ ಸನ್ನೆ ಮಾಡುವಾಗ ಕೈ ಚಲನೆಯನ್ನು ದೊಡ್ಡದಾಗಿ, ನಿಧಾನವಾಗಿ, ಮತ್ತೆ ಮತ್ತೆ ಮಾಡುತ್ತಾರೆ. ನಾವು ಮಕ್ಕಳ ಜೊತೆ ರಾಗ ಎಳೆದು ಮಾತಾಡುತ್ತೇವಲ್ಲ, ಅದರದೇ ಕೈಯ ರೂಪ ಅದು. ಮಗು ಗೊಂಬೆ ನೋಡುತ್ತಿದ್ದರೆ ಅವರ ಕೈ ಗೊಂಬೆಯ ಪಕ್ಕಕ್ಕೆ ಹೋಗುತ್ತದೆ. ಕೆಲವು ಸಲ ಸನ್ನೆಯನ್ನು ಮಗುವಿನ ಮೈ ಮೇಲೆಯೇ ಮಾಡುತ್ತಾರೆ. ಮೆಲ್ಲಗೆ ತಟ್ಟಿ ಗಮನ ಸೆಳೆಯುತ್ತಾರೆ. ಅಥವಾ ಮಗು ತಾನಾಗಿ ತಲೆ ಎತ್ತುವವರೆಗೆ ಸುಮ್ನೆ ಕಾಯುತ್ತಾರೆ. ಈ ಕಾಯುವುದು ನಮಗೆ ಬಹಳ ಕಷ್ಟ, ಯಾಕೆಂದರೆ ನಮ್ಮ ಅಭ್ಯಾಸ ಮೌನ ಕಂಡ ತಕ್ಷಣ ಮಾತು ತುಂಬುವುದು. ಮಗು ತೊಡೆಯ ಮೇಲೆ ಆಚೆ ಮುಖ ಮಾಡಿ ಕೂತಿದ್ದರೆ ನಿಮ್ಮ ಎರಡೂ ಕೈ ಮುಂದಕ್ಕೆ ತಂದು ಅದರ ಕಣ್ಣೆದುರು ಸನ್ನೆ ಮಾಡಿ. ಕನ್ನಡಿ ಮುಂದೆ ಕೂತರೆ ಕೈಯೂ ಮುಖವೂ ಒಟ್ಟಿಗೆ ಕಾಣುತ್ತವೆ. ಜೊತೆಗೆ ಬಾಯಲ್ಲೂ ಪದ ಹೇಳುತ್ತಿರಿ, ಇದು ಮಾತಿಗೆ ಬದಲಿ ಅಲ್ಲ.

ಇನ್ನು ಮಗುವಿನ ಕೈ. ಮಾತು ತೊದಲುವ ಹಾಗೆ ಕೈಯೂ ತೊದಲುತ್ತದೆ. ಇದು ಬರೀ ಹೋಲಿಕೆ ಅಲ್ಲ. ಕೇಳುವ ಮಕ್ಕಳು 'ಬಬಬ' ಅನ್ನುವ ವಯಸ್ಸಿನಲ್ಲಿ ಕಿವುಡ ತಂದೆತಾಯಿಯ ಕಿವುಡ ಮಕ್ಕಳು ಕೈಯಲ್ಲಿ ಅರ್ಥವಿಲ್ಲದ ಸನ್ನೆಯ ತುಣುಕುಗಳನ್ನು ಮತ್ತೆ ಮತ್ತೆ ಮಾಡುತ್ತಾರೆ ಅಂತ 1991ರಲ್ಲಿ ಸಂಶೋಧಕಿಯರಾದ ಲಾರಾ ಆನ್ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ ತೋರಿಸಿದರು. ಹಾಗಾಗಿ ಮಗುವಿನ ಮೊದಲ ಸನ್ನೆ ನೀವು ತೋರಿಸಿದ ಹಾಗೆ ಇರುವುದಿಲ್ಲ. ಹೇಗೆ ಗುರುತಿಸುವುದು?

ಒಂದು ಸನ್ನೆಯಲ್ಲಿ ಮುಖ್ಯವಾಗಿ ಮೂರು ಭಾಗ ನೋಡಿ: ಕೈಯ ಆಕಾರ, ಕೈ ಇರುವ ಜಾಗ, ಕೈಯ ಚಲನೆ. ಮಕ್ಕಳು ಜಾಗವನ್ನು ಬೇಗ ಸರಿಯಾಗಿ ಹಿಡಿಯುತ್ತಾರೆ. ಆಕಾರ ಕೊನೆಗೆ ಬರುತ್ತದೆ. ಮುಷ್ಟಿ, ಬಿಚ್ಚಿದ ಅಂಗೈ, ಚಾಚಿದ ತೋರುಬೆರಳು, ಈ ಸುಲಭದ ಆಕಾರಗಳಲ್ಲೇ ಹೆಚ್ಚಿನದನ್ನು ಮುಗಿಸುತ್ತಾರೆ. ಚಲನೆಯಲ್ಲೂ ಹಾಗೆ, ಬೆರಳು ಅಥವಾ ಮಣಿಕಟ್ಟು ಆಡಿಸಬೇಕಾದಲ್ಲಿ ಮೊಣಕೈಯಿಂದ, ಭುಜದಿಂದ ಇಡೀ ತೋಳು ಬೀಸುತ್ತಾರೆ. ಅಮೆರಿಕದ ಕಿವುಡರು ಬಳಸುವ ಅಮೆರಿಕನ್ ಸಂಜ್ಞಾ ಭಾಷೆಯ 'ಇನ್ನೂ ಬೇಕು' ತೆಗೆದುಕೊಳ್ಳಿ. ಎರಡೂ ಕೈಯ ಬೆರಳ ತುದಿಗಳನ್ನು ಜೋಡಿಸಿ ಒಂದಕ್ಕೊಂದು ತಾಗಿಸಬೇಕು. ಮಗು ಮಾಡುವುದು ಚಪ್ಪಾಳೆ, ಅಥವಾ ತೋರುಬೆರಳಿನಿಂದ ಇನ್ನೊಂದು ಅಂಗೈಗೆ ಕುಟ್ಟುವುದು. ಅದನ್ನು ಪದ ಅಂತ ಒಪ್ಪಿಕೊಂಡು ಉತ್ತರ ಕೊಡಿ. ತಿದ್ದಬೇಡಿ. ನೀವು ಮಾತ್ರ ಸರಿಯಾದ ರೂಪವನ್ನೇ ಮಾಡುತ್ತಿರಿ. ಎಡಗೈಯಲ್ಲಿ ಮಾಡಿದರೂ ಪರವಾಗಿಲ್ಲ.

ಯಾವಾಗ ಶುರು ಮಾಡಬೇಕು? ಆರರಿಂದ ಎಂಟು ತಿಂಗಳು ಆರಾಮದ ಸಮಯ, ಆದರೆ ಮಗು ತಿರುಗಿ ಸನ್ನೆ ಮಾಡಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಮೊದಲು ಬರುವುದು ಅರ್ಥ. ನೀವು 'ಹಾಲು' ಸನ್ನೆ ಮಾಡಿದಾಗ ಕಾಲು ಬಡಿದು ಖುಷಿಪಟ್ಟರೆ ಪದ ಒಳಗೆ ಹೋಗಿದೆ ಅಂತ ಅರ್ಥ.

ಪದಗಳ ಆಯ್ಕೆಯಲ್ಲಿ ಎಲ್ಲರೂ 'ಹಾಲು, ಊಟ, ಸಾಕು' ಎಂದು ನಮಗೆ ಅನುಕೂಲವಾಗುವುದನ್ನೇ ಹಿಡಿಯುತ್ತೇವೆ. ಅವು ಬೇಕು, ನಿಜ. ಆದರೆ ಮಗು ಕಣ್ಣರಳಿಸಿ ನೋಡುವ ಲೈಟ್, ಫ್ಯಾನ್, ಹಕ್ಕಿ, ನಾಯಿಗೂ ಸನ್ನೆ ಇರಲಿ, ಹಂಚಿಕೊಳ್ಳುವ ಆಸೆ ಹುಟ್ಟುವುದು ಅಲ್ಲೇ. ನನ್ನ ಮಗಳ ಮೊದಲ ಸನ್ನೆ ಹಾಲು ಅಲ್ಲ, ಫ್ಯಾನ್. ಅವಳಿಗೆ ಫ್ಯಾನ್ ಬೇಕಾಗಿರಲಿಲ್ಲ, 'ನೋಡು, ಅದು ತಿರುಗ್ತಿದೆ' ಅಂತ ಹೇಳಬೇಕಾಗಿತ್ತು. 'ನೋವು' ಕೂಡ ಬೇಗ ಕಲಿಸಿ, ನೋಯುವ ಜಾಗದ ಹತ್ತಿರವೇ ಮಾಡಿ ತೋರಿಸಿ. ಒಟ್ಟಿಗೆ ನಾಲ್ಕೈದು ಪದ ಸಾಕು, ಒಂದು ಪದಕ್ಕೆ ಮನೆಯವರೆಲ್ಲ ಒಂದೇ ಸನ್ನೆ ಬಳಸಿದರೆ ಸಾಕು.

ಚಿತ್ರದಂತಿರುವ ಸನ್ನೆಯೇ ಮಕ್ಕಳಿಗೆ ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಮುಷ್ಟಿ ಬಿಚ್ಚಿ ಮುಚ್ಚಿದರೆ 'ಹಾಲು', ಹಾಲು ಕರೆಯುವ ಕೈ ನಮಗೆ ತಕ್ಷಣ ಕಾಣುತ್ತದೆ. ಹಾಲು ಕರೆಯುವುದನ್ನೇ ನೋಡದ ಮಗುವಿಗೆ ಏನು ಕಾಣಬೇಕು? ಕಿವುಡ ತಂದೆತಾಯಿಯ ಮಕ್ಕಳ ಬಗ್ಗೆ 1984ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮೊದಮೊದಲ ಸನ್ನೆಗಳಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಹಾಗೆ ಚಿತ್ರದಂತಿದ್ದವು. ಮಗು ಕಲಿಯುವುದು ಹೋಲಿಕೆಯಿಂದ ಅಲ್ಲ, ಬಳಕೆಯಿಂದ.

ಒಂದು ಕೆಲಸ ಮಾತ್ರ ಮಾಡಬೇಡಿ. ಸನ್ನೆ ಮಾಡಿದರೇನೇ ಕೊಡುತ್ತೇನೆ ಅಂತ ಬಟ್ಟಲು ಹಿಡಿದು ನಿಲ್ಲುವುದು. ಅಳುವ ಮಗುವಿಗೆ ಅದು ಪಾಠ ಅಲ್ಲ.

ಮಾತು ತಡವಾಗುತ್ತದೆಯೇ ಅನ್ನುವ ಭಯಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೆ ಉಲ್ಟಾ ಅಪಾಯ ಇದೆ, 'ಸನ್ನೆ ಮಾಡುತ್ತಾನಲ್ಲ' ಅಂತ ನಾವು ಸುಮ್ಮನಾಗಿಬಿಡುವುದು. ಸದ್ದಿಗೆ ತಿರುಗದಿದ್ದರೆ, 12 ತಿಂಗಳಾದರೂ ಬೆರಳು ತೋರಿಸದಿದ್ದರೆ, 16 ತಿಂಗಳಾದರೂ ಒಂದು ಪದವೂ ಬಾರದಿದ್ದರೆ, ಬಂದ ಮಾತು ನಿಂತುಹೋದರೆ ಕಾಯಬೇಡಿ, ಕಿವಿ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ನಾವು ಮನೆಯಲ್ಲಿ ಬಳಸುವ ಇಪ್ಪತ್ತು ಮೂವತ್ತು ಸನ್ನೆ ಒಂದು ಭಾಷೆ ಅಲ್ಲ. ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣ ಇದೆ. ಒಂದೊಂದು ಕಡೆ ಒಂದೊಂದು ಭಾಷೆ, ಅಮೆರಿಕದ್ದೂ ಬ್ರಿಟನ್ನಿನದ್ದೂ ಒಂದೇ ಅಲ್ಲ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳ ಶಾಲೆಗಳಲ್ಲಿ ಸನ್ನೆ ಬೇಡ, ಮಾತೇ ಸಾಕು ಅಂತ ನಿರ್ಣಯ ಮಾಡಿತು. ಅದಕ್ಕೆ ಅದೇ ಸಮ್ಮೇಳನ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. ಅಷ್ಟು ಕಾಲ ಎಷ್ಟೋ ಕಿವುಡ ಮಕ್ಕಳ ಕೈ ಕಟ್ಟಿಹಾಕಿ ಅವರಿಂದ ತಪ್ಪಿಸಿದ್ದ ಭಾಷೆಯನ್ನು ಕೇಳುವ ಮಕ್ಕಳಿಗೆ ನಾವು ಆಟದಂತೆ ಕಲಿಸುತ್ತಿದ್ದೇವೆ. ಆದ್ದರಿಂದ ಸನ್ನೆಗಳನ್ನು ಸ್ವಂತವಾಗಿ ಕಟ್ಟುವ ಬದಲು ನಿಮ್ಮ ಸುತ್ತಲ ಕಿವುಡ ಸಮುದಾಯ ಬಳಸುವ ಭಾಷೆಯಿಂದ, ಸಾಧ್ಯವಾದರೆ ಕಿವುಡ ಶಿಕ್ಷಕರಿಂದಲೇ ಕಲಿಯಿರಿ. ಮಗು ತಾನೇ ಹುಟ್ಟಿಸಿಕೊಂಡ ಸನ್ನೆ ಬೇರೆ, ಅದು ಅದರ ಪಾಲಿನ ಹಕ್ಕು.

ಒಂದೂವರೆ ಎರಡು ವರ್ಷಕ್ಕೆ ಮಾತು ಹೆಚ್ಚಾದ ಹಾಗೆ ಸನ್ನೆ ತಾನಾಗಿ ಉದುರುತ್ತದೆ. ಬಿಡಿ. ಮಾತು ಅಸ್ಪಷ್ಟವಾಗಿದ್ದಾಗ, ಬಾಯಿ ತುಂಬ ಊಟ ಇದ್ದಾಗ, ಅಳು ಜಾಸ್ತಿಯಾಗಿ ಪದ ಹೊರಡದಿದ್ದಾಗ ಮತ್ತೆ ಕೈಗೆ ಬರುತ್ತದೆ. ಮುಂದುವರಿಸುವ ಮನಸ್ಸಿದ್ದರೆ ಪದಗಳ ಪಟ್ಟಿ ಉದ್ದ ಮಾಡುವ ಬದಲು ಮುಖದ ಕಡೆ ಹೋಗಿ. ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಹುಬ್ಬು ಏರಿಸಿದರೆ 'ಹೌದೋ ಅಲ್ಲವೋ' ಅನ್ನುವ ಪ್ರಶ್ನೆ, ಗಂಟಿಕ್ಕಿದರೆ 'ಏನು, ಎಲ್ಲಿ, ಯಾರು' ಅನ್ನುವ ಪ್ರಶ್ನೆ. ನೀವು ಕಲಿಯುವ ಭಾಷೆಯಲ್ಲಿ ಹುಬ್ಬು ಏನು ಹೇಳುತ್ತದೆ ಅಂತ ಶಿಕ್ಷಕರನ್ನು ಮೊದಲ ದಿನವೇ ಕೇಳಿ.